ಕತ್ತಲೆಯನ್ನು ಅಳೆಯುವ ಗಿಡ: ಕುಂಡದಲ್ಲಿ ಸೇವಂತಿಗೆ

ನವರಾತ್ರಿ ಸಮೀಪಿಸಿತೆಂದರೆ ಹೊಸೂರು ಸೀಮೆಯ ಹಾದಿಗಳಲ್ಲಿ ಹಳದಿಯ ಓಡಾಟ ಆರಂಭವಾಗುತ್ತದೆ. ಬೆಳಗಿನ ಜಾವದಲ್ಲಿ ಸೇವಂತಿಗೆಯ ಮೂಟೆಗಳನ್ನು ಹೇರಿಕೊಂಡ ಗಾಡಿಗಳು ಪಟ್ಟಣದ ಹೂವಿನ ಪೇಟೆಯತ್ತಲೂ, ಗಡಿ ದಾಟಿ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯತ್ತಲೂ ಸಾಗುತ್ತವೆ. ಆಯುಧಪೂಜೆಯ ದಿನ ಸೈಕಲ್ಲಿನಿಂದ ಹಿಡಿದು ಲಾರಿಯವರೆಗೆ, ಕೊಡಲಿಯಿಂದ ಹಿಡಿದು ಕಾರ್ಖಾನೆಯ ಯಂತ್ರದವರೆಗೆ ಎಲ್ಲಕ್ಕೂ ಈ ಹೂವಿನ ಮಾಲೆಯೇ ಬೇಕು. ಹಬ್ಬದ ಹಿಂದಿನ ದಿನ ಒಂದು ಮಾರು ಹೂವಿಗೆ ಹೇಳಿದಷ್ಟು ಬೆಲೆ; ಹಬ್ಬ ಕಳೆದ ಮರುದಿನ ಕೇಳುವವರಿಲ್ಲ. ಬೆಳೆದವರು ಲಾಭ ನಷ್ಟಗಳೆರಡನ್ನೂ ಅದೇ ವಾರದಲ್ಲಿ ಕಾಣುತ್ತಾರೆ.

ಅಂಥದೇ ಒಂದು ವಾರದಲ್ಲಿ ಪಟ್ಟಣದ ಅಂಚಿನ ಮನೆಯೊಂದರ ಮಹಡಿಯ ಮೇಲೆ ಒಂದು ಸೇವಂತಿಗೆಯ ಕುಂಡ ಹೂವಿಲ್ಲದೆ ನಿಂತಿತ್ತು. ಗಿಡ ಸೊಂಪಾಗಿತ್ತು, ಎಲೆಗಳು ಕಡುಹಸಿರಾಗಿದ್ದವು, ಎತ್ತರವೂ ಮೊಣಕಾಲು ದಾಟಿತ್ತು. ಆದರೆ ಕುಡಿಗಳಲ್ಲಿ ಒಂದೇ ಒಂದು ಮೊಗ್ಗಿರಲಿಲ್ಲ. ಆ ಮನೆಯ ಅಜ್ಜಿ ಬಹುಕಾಲ ಹೊಲದಲ್ಲಿ ಸೇವಂತಿಗೆ ಬೆಳೆದವರು. ಹೊಲ ನಿವೇಶನಗಳಾಗಿ ಕೈಬಿಟ್ಟುಹೋದಾಗ ಕೊನೆಯ ಸಾಲಿನಿಂದ ನಾಲ್ಕು ಕಂದುಗಳನ್ನು ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದರು. ಅವುಗಳಲ್ಲಿ ಬದುಕಿ ಉಳಿದದ್ದು ಇದೊಂದೇ. ಸಣ್ಣ ಹೂವಿನ, ಒತ್ತು ಎಸಳಿನ, ಕಟ್ಟಿದ ಮೇಲೂ ಮೂರು ದಿನ ಬಾಡದ ಆ ನಾಟಿ ತಳಿಯನ್ನು ಈಗ ಸುತ್ತಮುತ್ತ ಯಾರೂ ಬೆಳೆಯುವುದಿಲ್ಲ.

“ಹೋದ ವರ್ಷ ಬುಟ್ಟಿ ತುಂಬ ಬಿಟ್ಟಿತ್ತು ಕಣೇ. ಈ ಸಲ ಗೊಬ್ಬರ ಸಾಲದೇ ಹೋಯ್ತೇನೋ,” ಎಂದರು ಅಜ್ಜಿ.

“ಎರಡು ಸಲ ನಾನೇ ಹಾಕಿದ್ದೀನಲ್ಲ ಅಜ್ಜಿ. ನೀನೇ ನಿಂತು ನೋಡಿದ್ದೀಯ,” ಎಂದಳು ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುವ ಮೊಮ್ಮಗಳು.

ಗೊಬ್ಬರ ಸರಿಯಿತ್ತು, ನೀರು ಸರಿಯಿತ್ತು, ಬಿಸಿಲೂ ಸರಿಯಿತ್ತು. ಕೊರತೆಯಾದದ್ದು ಬೇರೊಂದು. ಅದನ್ನು ತಿಳಿಯಬೇಕಾದರೆ ಈ ಹೂವಿನ ಸ್ವಭಾವವನ್ನು ಸ್ವಲ್ಪ ಅರಿಯಬೇಕು.

ಗಡಿಗೊಂದು ಹೆಸರು

ಕನ್ನಡದಲ್ಲಿ ಸೇವಂತಿಗೆ ಎನ್ನುವ ಈ ಹೂವು ಆಡುಮಾತಿನಲ್ಲಿ ಶಾವಂತಿಗೆಯೂ ಹೌದು, ಸ್ಯಾವಂತಿಗೆಯೂ ಹೌದು. ತಮಿಳರು ಇದನ್ನು ಸಾಮಂದಿ ಅಥವಾ ಸೆವ್ವಂದಿ ಎನ್ನುತ್ತಾರೆ. ತೆಲುಗರಿಗೆ ಇದು ಚಾಮಂತಿ, ಮಲಯಾಳಿಗಳಿಗೆ ಜಮಂತಿ, ಮರಾಠಿಗರಿಗೆ ಶೇವಂತಿ. ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವು ಒಂದೇ ಬುಡದಿಂದ ಎದ್ದ ಕಂದುಗಳಂತೆ ಕಾಣುತ್ತವೆ. ಗಡಿನಾಡಿನ ಮಗುವಿಗೆ ಇವುಗಳಲ್ಲಿ ಎರಡು ಮೂರು ಹೆಸರಾದರೂ ಮನೆ, ಬೀದಿ, ಪೇಟೆಗಳಿಂದಲೇ ಬಂದಿರುತ್ತವೆ. ಅದಕ್ಕಾಗಿ ಬೇರೆ ಪಾಠ ಬೇಕಾಗುವುದಿಲ್ಲ.

ಸಸ್ಯಶಾಸ್ತ್ರದಲ್ಲಿ ಇದಕ್ಕಿರುವ ಕ್ರೈಸಾಂಥಿಮಮ್ ಎಂಬ ಹೆಸರು ಗ್ರೀಕ್ ಭಾಷೆಯ ‘ಚಿನ್ನ’ ಮತ್ತು ‘ಹೂವು’ ಎಂಬ ಎರಡು ಪದಗಳ ಕೂಡಿಕೆ. ಸೂರ್ಯಕಾಂತಿ, ಚೆಂಡುಹೂವುಗಳು ಇದರ ಕುಟುಂಬಕ್ಕೆ ಸೇರಿದವು. ಈ ಕುಟುಂಬದ ಒಂದು ವಿಶೇಷವನ್ನು ಮಕ್ಕಳಿಗೆ ಕೈಯಲ್ಲಿ ಹಿಡಿದೇ ತೋರಿಸಬಹುದು. ನಾವು ಒಂದು ಹೂವು ಎಂದು ಕರೆಯುವುದು ನಿಜಕ್ಕೂ ಒಂದು ಹೂವಲ್ಲ, ನೂರಾರು ಕಿರುಹೂಗಳ ಗೊಂಚಲು. ಅಂಚಿನಲ್ಲಿ ಎಸಳಿನಂತೆ ಕಾಣುವ ಪ್ರತಿಯೊಂದೂ ಒಂದು ಪಟ್ಟಿಯಾಕಾರದ ಹೂವು. ನಡುವಿನ ಬಿಲ್ಲೆಯಲ್ಲಿ ಒತ್ತಾಗಿ ನಿಂತಿರುವವು ಕೊಳವೆಯಾಕಾರದ ಹೂಗಳು. ಒಂಟಿ ಸುತ್ತಿನ ಸೇವಂತಿಗೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಭೂತಕನ್ನಡಿಯಲ್ಲಿ ನೋಡಿದರೆ ಈ ಊರಿಗೆ ಊರೇ ಕಾಣಿಸುತ್ತದೆ. ಬ್ಲೇಡು ಮಾತ್ರ ದೊಡ್ಡವರ ಕೈಯಲ್ಲಿರಬೇಕು.

ದೂರದಿಂದ ಬಂದ ಹೂವು

ಈ ಹೂವಿಗೆ ಮೊದಲು ಮನ್ನಣೆ ದೊರೆತದ್ದು ಚೀನಾದಲ್ಲಿ. ಕ್ರಿ.ಶ. 4 ಮತ್ತು 5ನೆಯ ಶತಮಾನಗಳಲ್ಲಿ ಬಾಳಿದ ತಾವೊ ಯುವಾನ್‌ಮಿಂಗ್ ಎಂಬ ಕವಿ ಅಧಿಕಾರದ ಹುದ್ದೆಯನ್ನು ಬಿಟ್ಟು ಹಳ್ಳಿಗೆ ಮರಳಿದವನು. ಸೇವಂತಿಗೆಯ ಮೇಲೆ ಆತನಿಗಿದ್ದ ಪ್ರೀತಿಯಿಂದಾಗಿ ಚೀನೀಯರ ಮನಸ್ಸಿನಲ್ಲಿ ಆ ಹೂವು ಇಂದಿಗೂ ಅವನೊಡನೆ ಬೆಸೆದುಕೊಂಡಿದೆ. ಉಳಿದ ಹೂಗಳೆಲ್ಲ ಮುಗಿದ ಮೇಲೆ ಚಳಿಯಲ್ಲಿ ಅರಳುವ ಇದನ್ನು ಅವರು ಧೀರತೆಯ ಗುರುತಾಗಿ ಕಂಡರು.

ಚೀನಾದಿಂದ ಜಪಾನಿಗೆ ಹೋದ ಹೂವು ಅಲ್ಲಿ ಅರಸುಮನೆಯ ಲಾಂಛನವೇ ಆಯಿತು. 16 ಎಸಳಿನ ಸೇವಂತಿಗೆ ಜಪಾನಿನ ಸಾಮ್ರಾಟರ ಮುದ್ರೆ. ಆ ದೇಶದ ಪಾಸ್‌ಪೋರ್ಟಿನ ಹೊದಿಕೆಯ ಮೇಲೂ ಸೇವಂತಿಗೆಯೇ ಇದೆ. ಒಂದೇ ಕುಂಡದ ಗಿಡವನ್ನು ತಂತಿ, ಬಿದಿರುಗಳ ಆಸರೆಯಲ್ಲಿ ಜಲಪಾತದಂತೆ ಕೆಳಕ್ಕಿಳಿಸಿ ನೂರಾರು ಹೂ ಅರಳಿಸುವ ಕಲೆಯನ್ನು ಅಲ್ಲಿನ ತೋಟಗಾರರು ಬೆಳೆಸಿದರು.  1789ರಲ್ಲಿ ಫ್ರಾನ್ಸಿನ ಮಾರ್ಸೇಲ್ ಬಂದರಿಗೆ ಚೀನಾದಿಂದ ಬಂದ ಗಿಡದಿಂದ ಯುರೋಪಿನಲ್ಲಿ ಇದರ ಬೇಸಾಯ ಹಬ್ಬಿತು. ಇಂಗ್ಲೆಂಡಿನಲ್ಲಿ 1846ರಷ್ಟು ಹಿಂದೆಯೇ ಸೇವಂತಿಗೆ ಬೆಳೆಯುವವರದೇ ಒಂದು ಸಂಘ ಹುಟ್ಟಿಕೊಂಡಿತು.

ನಮ್ಮ ದೇಶದಲ್ಲಿಯೂ ತಳಿಗಳ ಕೆಲಸ ಕಡಿಮೆಯೇನಲ್ಲ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಇಂದಿರಾ, ರಾಖಿ, ರೆಡ್ ಗೋಲ್ಡ್, ನೀಲಿಮಾ ಮುಂತಾದ ತಳಿಗಳು ಬಂದಿವೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಕೊ-1, ಕೊ-2, ಎಂ.ಡಿ.ಯು.-1 ಎಂಬ ತಳಿಗಳನ್ನು ನೀಡಿದೆ. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯು ಕುಡಿ ಚಿವುಟದೆ, ಕೋಲಿನ ಆಸರೆಯಿಲ್ಲದೆ ತಾನಾಗಿಯೇ ಗುಂಡಗೆ ಬೆಳೆಯುವ ಕುಂಡದ ತಳಿಗಳನ್ನು ರೂಪಿಸಿದೆ. ಹೊಸದಾಗಿ ಬೆಳೆಯತೊಡಗುವ ಮನೆಗಳಿಗೆ ಅವು ಬಹಳ ಅನುಕೂಲ.

ಕತ್ತಲೆಯ ಲೆಕ್ಕ

ಈಗ ಮಹಡಿಯ ಮೇಲಿನ ಹೂವಿಲ್ಲದ ಗಿಡಕ್ಕೆ ಬರೋಣ. 1920ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ವಿಚಿತ್ರ ಹೊಗೆಸೊಪ್ಪಿನ ಗಿಡದ ಅಧ್ಯಯನವನ್ನು ಪ್ರಕಟಿಸಿದರು. ಬೇಸಿಗೆಯಲ್ಲಿ ಅದು ಆಳೆತ್ತರ ಬೆಳೆದರೂ ಹೂ ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಗಿಡ್ಡದಾಗಿದ್ದಾಗಲೇ ಹೂ ಬಿಡುತ್ತಿತ್ತು. ಬೇಸಿಗೆಯ ದಿನಗಳಲ್ಲಿಯೇ ಗಿಡಗಳನ್ನು ಸಂಜೆಗೆ ಮುಂಚೆ ಕತ್ತಲೆಯ ಕೊಠಡಿಗೆ ಸಾಗಿಸಿ ಹಗಲನ್ನು ಗಿಡ್ಡಗೊಳಿಸಿದಾಗ ಅವು ಹೂ ಬಿಟ್ಟವು. ಹೂ ಬಿಡುವ ಹೊತ್ತನ್ನು ನಿರ್ಧರಿಸುವುದು ಹಗಲಿರುಳುಗಳ ಅಳತೆ ಎಂಬುದು ಹೀಗೆ ಸ್ಪಷ್ಟವಾಯಿತು. ಹಗಲು ಕಿರಿದಾದಾಗ ಹೂ ಬಿಡುವ ಗಿಡಗಳಿಗೆ ಹ್ರಸ್ವದಿನ ಸಸ್ಯಗಳೆಂದು ಹೆಸರಾಯಿತು. ಸೇವಂತಿಗೆ ಅವುಗಳಲ್ಲಿ ಪ್ರಮುಖವಾದುದು.

1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬವರು ಮತ್ತೊಂದು ಹೆಜ್ಜೆ ಮುಂದೆ ಹೋದರು. ಮುಳ್ಳುಕಾಯಿ ಬಿಡುವ ಒಂದು ಕಳೆಗಿಡದ ಮೇಲೆ ಪ್ರಯೋಗ ನಡೆಸಿ, ಗಿಡ ಅಳೆಯುವುದು ಹಗಲನ್ನಲ್ಲ, ಇರುಳನ್ನು ಎಂದು ತೋರಿಸಿದರು. ಉದ್ದವಾದ ಕತ್ತಲೆಯ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಸಾಕು, ಆ ಗಿಡದ ಲೆಕ್ಕ ತಪ್ಪಿಹೋಗಿ ಹೂವು ಬರುವುದಿಲ್ಲ. ಹ್ರಸ್ವದಿನ ಸಸ್ಯ ಎಂಬುದಕ್ಕಿಂತ ದೀರ್ಘರಾತ್ರಿಯ ಸಸ್ಯ ಎಂಬ ಹೆಸರೇ ಹೆಚ್ಚು ಒಪ್ಪುತ್ತಿತ್ತು.

ಇರುಳನ್ನು ಗುರುತಿಸುವುದು ಗಿಡದ ಯಾವ ಭಾಗ? ಇದಕ್ಕೆ ಉತ್ತರ ಕೊಟ್ಟದ್ದು ಸೇವಂತಿಗೆಯೇ. 1930ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಮಿಖಾಯಿಲ್ ಚೈಲಾಖ್ಯಾನ್ ಎಂಬ ವಿಜ್ಞಾನಿ ಸೇವಂತಿಗೆಯ ಗಿಡಗಳ ತುದಿಯ ಎಲೆಗಳನ್ನು ಕಿತ್ತು, ಕೆಳಗಿನ ಎಲೆಗಳಿಗೊಂದು ಬೆಳಕಿನ ಅವಧಿಯನ್ನೂ ಬೋಳು ತುದಿಗೆ ಬೇರೊಂದು ಅವಧಿಯನ್ನೂ ಕೊಟ್ಟು ನೋಡಿದರು. ಎಲೆಗಳಿಗೆ ಕಿರುಹಗಲು ಸಿಕ್ಕಿದ ಗಿಡ ಹೂ ಬಿಟ್ಟಿತು, ತುದಿಗೆ ದೀರ್ಘ ಹಗಲಿದ್ದರೂ ಅಡ್ಡಿಯಾಗಲಿಲ್ಲ. ತುದಿಗೆ ಮಾತ್ರ ಕಿರುಹಗಲು ಸಿಕ್ಕಿದ ಗಿಡ ಹೂ ಬಿಡಲಿಲ್ಲ. ಅಂದರೆ ಇರುಳನ್ನು ಅಳೆಯುವುದು ಎಲೆ. ಅಲ್ಲಿಂದ ಯಾವುದೋ ಒಂದು ಸಂದೇಶ ಕಾಂಡದ ಮೂಲಕ ಕುಡಿಗೆ ಹೋಗುತ್ತದೆ. ಆ ಸಂದೇಶಕ್ಕೆ ಅವರು ಫ್ಲೋರಿಜೆನ್ ಎಂದು ಹೆಸರಿಟ್ಟರು. ಅದು ಒಂದು ಪ್ರೋಟೀನು ಎಂಬುದಕ್ಕೆ ಗಟ್ಟಿಯಾದ ಆಧಾರ ದೊರೆತದ್ದು 2007ರಲ್ಲಿ, ಬತ್ತವೂ ಸೇರಿದಂತೆ ಬೇರೆ ಗಿಡಗಳ ಮೇಲಿನ ಸಂಶೋಧನೆಗಳಲ್ಲಿ. ಒಂದು ಊಹೆ ರುಜುವಾತಾಗಲು ಏಳು ದಶಕ ಬೇಕಾಯಿತು.

ಹೊಸೂರಿನ ನೆತ್ತಿಯ ಮೇಲೆ ಹಗಲು ಜೂನ್ ಕೊನೆಗೆ ಸುಮಾರು 12 ಗಂಟೆ 50 ನಿಮಿಷವಿದ್ದರೆ, ಡಿಸೆಂಬರ್ ಕೊನೆಗೆ ಸುಮಾರು 11 ಗಂಟೆ 20 ನಿಮಿಷಕ್ಕೆ ಇಳಿಯುತ್ತದೆ. ನಡುವಿನ ಅಂತರ ಒಂದೂವರೆ ಗಂಟೆ ಮಾತ್ರ. ಮನುಷ್ಯರಿಗೆ ಅಷ್ಟಾಗಿ ತಿಳಿಯದ ಈ ವ್ಯತ್ಯಾಸವನ್ನು ಗಿಡದ ಎಲೆ ತಪ್ಪದೆ ಗುರುತಿಸುತ್ತದೆ. ಇರುಳು ಸಾಕಷ್ಟು ಉದ್ದವಾಯಿತೆಂದು ಖಚಿತವಾದ ಮೇಲೆ ತಳಿಯ ಗುಣಕ್ಕೆ ತಕ್ಕಂತೆ ಎರಡರಿಂದ ಮೂರು ತಿಂಗಳಲ್ಲಿ ಹೂವು ಅರಳುತ್ತದೆ. ಈ ಗುಟ್ಟನ್ನು ಬಳಸಿಕೊಂಡು ವ್ಯಾಪಾರಕ್ಕಾಗಿ ಬೆಳೆಯುವವರು ನಡುರಾತ್ರಿ ದೀಪ ಉರಿಸಿ ಹೂವನ್ನು ತಡೆಯುತ್ತಾರೆ, ಸಂಜೆಯೇ ಕಪ್ಪು ಹೊದಿಕೆ ಎಳೆದು ಹೂವನ್ನು ಬೇಗ ತರಿಸುತ್ತಾರೆ.

ಗಿಡದ ವಿಷಯವನ್ನು ಮೊಮ್ಮಗಳು ಶಾಲೆಯಲ್ಲಿ ಹೇಳಿದಾಗ ವಿಜ್ಞಾನದ ಶಿಕ್ಷಕಿ ಗೊಬ್ಬರದ ಮಾತನ್ನೇ ಎತ್ತಲಿಲ್ಲ. “ರಾತ್ರಿ ಹೊತ್ತು ಅದರ ಮೇಲೆ ಬೆಳಕು ಬೀಳುತ್ತದೆಯೇ?” ಎಂದಷ್ಟೇ ಕೇಳಿದರು. ಬೀಳುತ್ತಿತ್ತು. ಆ ಮಳೆಗಾಲದಲ್ಲಿ ಮನೆಯೆದುರಿನ ಕಂಬಕ್ಕೆ ಹೊಸದಾಗಿ ಬಿಳಿಯ ಎಲ್‌ಇಡಿ ದೀಪ ಬಂದಿತ್ತು. ಅದರ ಬೆಳಕು ನೇರವಾಗಿ ಮಹಡಿಯ ಕೈಗೋಡೆಯ ಮೇಲೆ, ಕುಂಡದ ಮೇಲೆ, ಬೆಳಗಾಗುವವರೆಗೆ ಸುರಿಯುತ್ತಿತ್ತು. ಬೀದಿಗೆ ಬೇಕಾಗಿದ್ದ ದೀಪವೇ ಗಿಡದ ಇರುಳನ್ನು ಕಸಿದುಕೊಂಡಿತ್ತು.

ಮನೆಗೆ ಬಂದ ಹುಡುಗಿ ಅದನ್ನು ಹೇಳಿದಾಗ ಅಜ್ಜಿ ಕ್ಷಣಹೊತ್ತು ಸುಮ್ಮನಿದ್ದು, “ಪಂಪ್‌ಸೆಟ್ ಮನೆ ದೀಪದ ಹತ್ತಿರದ ಸಾಲು ಯಾವಾಗಲೂ ತಡವಾಗೇ ಬಿಡ್ತಿತ್ತು. ಅಲ್ಲಿ ಮಣ್ಣು ಸರಿಯಿಲ್ಲ ಅಂದ್ಕೊಂಡಿದ್ದೆವು,” ಎಂದರು. ಪುಸ್ತಕದಲ್ಲಿದ್ದ ವಿಷಯವನ್ನು ಅವರು ಹೊಲದಲ್ಲಿ ಎಷ್ಟೋ ವರ್ಷ ಕಣ್ಣಾರೆ ಕಂಡಿದ್ದರು. ಕಾರಣ ಮಾತ್ರ ಈಗ ತಿಳಿಯಿತು.

ಕುಂಡದ ವರ್ಷ

ಮನೆಯಲ್ಲಿ ಸೇವಂತಿಗೆ ಬೆಳೆಸಬಯಸುವವರಿಗೆ ಬೇಕಾದ ಸಾಮಗ್ರಿ ಹೆಚ್ಚಿನದೇನಲ್ಲ. 10 ಅಂಗುಲ ಬಾಯಿಯ ಕುಂಡ ಒಂದು ಗಿಡಕ್ಕೆ ಧಾರಾಳವಾಗಿ ಸಾಕು. ಮಣ್ಣಿನ ಕುಂಡವಾದರೆ ಉತ್ತಮ. ಹಳೆಯ ಬಣ್ಣದ ಡಬ್ಬ, ಒಡೆದ ಬಕೆಟ್ಟು ಇವೂ ಆದೀತು. ಆದರೆ ತಳದಲ್ಲಿ ನೀರು ಬಸಿಯಲು ತೂತುಗಳಿರಲೇಬೇಕು. ತೂತಿನ ಮೇಲೆ ಹೆಂಚಿನ ಚೂರು ಇಟ್ಟು, ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ದಪ್ಪ ಮರಳು ಇವನ್ನು ಸಮಪಾಲು ಬೆರೆಸಿ ತುಂಬಬೇಕು. ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಬೇರಿನ ಹುಳುಗಳ ಕಾಟ ಕಡಿಮೆ.

ಗಿಡ ಮಾಡಿಕೊಳ್ಳಲು ಎರಡು ದಾರಿಗಳಿವೆ. ಮೊದಲನೆಯದು, ಹಳೆಯ ಗಿಡದ ಬುಡದಲ್ಲಿ ಏಳುವ ಕಂದುಗಳನ್ನು ಬೇರಿನೊಡನೆ ಬಿಡಿಸಿ ನೆಡುವುದು. ಎರಡನೆಯದು, ಎಳೆಯ ಕುಡಿಯನ್ನು 5ರಿಂದ 7 ಸೆಂಟಿಮೀಟರ್ ಉದ್ದಕ್ಕೆ ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆಗಳನ್ನು ಬಿಡಿಸಿ, ಒದ್ದೆ ಮರಳಿನಲ್ಲಿ ಊರಿ ನೆರಳಿನಲ್ಲಿಡುವುದು. ಎರಡು ಮೂರು ವಾರಗಳಲ್ಲಿ ಅದು ಬೇರು ಬಿಡುತ್ತದೆ. ಬೇರುಬಂದ ಸಸಿಯನ್ನು ಮೊದಲು 4 ಅಂಗುಲದ ಸಣ್ಣ ಕುಂಡಕ್ಕೆ, ಬಳಿಕ 6 ಅಂಗುಲದ್ದಕ್ಕೆ, ಕೊನೆಗೆ 10 ಅಂಗುಲದ್ದಕ್ಕೆ ಬದಲಿಸಿದರೆ ಬೇರಿನ ಉಂಡೆ ಬಿಗಿಯಾಗಿ ಬೆಳೆಯುತ್ತದೆ. ನವರಾತ್ರಿಗೆ ಹೂವು ಬೇಕೆಂದರೆ ಯುಗಾದಿ ಕಳೆದು ಏಪ್ರಿಲ್–ಮೇ ತಿಂಗಳಲ್ಲಿ ನೆಡಬೇಕು. ಜೂನ್–ಜುಲೈಯಲ್ಲಿ ನೆಟ್ಟದ್ದು ಸಾಮಾನ್ಯವಾಗಿ ದೀಪಾವಳಿಯ ನಂತರ ಅರಳುತ್ತದೆ.

ಗಿಡ ಗೇಣುದ್ದ ಬೆಳೆದಾಗ ತುದಿಯ ಕುಡಿಯನ್ನು ಚಿವುಟಬೇಕು. ಮಕ್ಕಳು ಇದಕ್ಕೆ ಒಪ್ಪುವುದು ಕಷ್ಟ. ಬೆಳೆಯುವ ತುದಿಯನ್ನು ತೆಗೆದರೆ ಗಿಡ ಬೆಳೆಯುವುದು ಹೇಗೆ ಎಂದು ಅವರು ಕೇಳುವುದು ಸಹಜ. ತುದಿಯ ಕುಡಿ ಇರುವವರೆಗೆ ಅದು ಪಕ್ಕದ ಮೊಳಕೆಗಳನ್ನು ಅಡಗಿಸಿಡುತ್ತದೆ. ಅದು ಹೋದೊಡನೆ ಪ್ರತಿ ಎಲೆಯ ಕಂಕುಳಿನಿಂದಲೂ ಕವಲು ಒಡೆಯುತ್ತದೆ. ಒಂದು ಹೂವಿನ ಜಾಗದಲ್ಲಿ ಹತ್ತು ಬರುತ್ತವೆ. ಮೂರು ನಾಲ್ಕು ವಾರ ಬಿಟ್ಟು ಕವಲುಗಳ ತುದಿಯನ್ನೂ ಮತ್ತೊಮ್ಮೆ ಚಿವುಟಬಹುದು. ಮೊಗ್ಗು ಮೂಡುವ ಕಾಲ ಹತ್ತಿರವಾದ ಮೇಲೆ ಮಾತ್ರ ಕುಡಿಗೆ ಕೈ ಹಚ್ಚಬಾರದು. ಹಾಗೆ ಚಿವುಟಿದರೆ ಹೋಗುವುದು ಹೂವೇ. ಮಾಲೆಗೆ ಸಣ್ಣ ಹೂಗಳು ಹಲವು ಬೇಕಾದರೆ ಮೊಗ್ಗುಗಳನ್ನೆಲ್ಲ ಬಿಡಬೇಕು. ಪ್ರದರ್ಶನಕ್ಕೆ ಅಂಗೈಯಗಲದ ಹೂವು ಬೇಕಾದರೆ ದೊಡ್ಡ ಹೂವಿನ ತಳಿಯನ್ನೇ ಆಯ್ದು, ಕವಲಿಗೊಂದು ನಡುಮೊಗ್ಗನ್ನು ಉಳಿಸಿ ಸುತ್ತಲಿನವನ್ನು ಎಳೆಯದರಲ್ಲೇ ತೆಗೆಯಬೇಕು. ಎತ್ತರದ ಗಿಡಕ್ಕೆ ಬಿದಿರುಕಡ್ಡಿಯ ಆಸರೆ ಕೊಟ್ಟು ಸಡಿಲವಾಗಿ ಕಟ್ಟಬೇಕು.

ದಿನಕ್ಕೆ ಐದಾರು ಗಂಟೆಯ ಬಿಸಿಲು ಅವಶ್ಯ. ನೀರನ್ನು ಬೆಳಗಿನ ಹೊತ್ತು ಬುಡಕ್ಕೆ ಹಾಕಬೇಕು, ಎಲೆಯ ಮೇಲೆ ಸುರಿಯಬಾರದು. ಬೆರಳನ್ನು ಒಂದು ಅಂಗುಲ ಮಣ್ಣಿಗಿಳಿಸಿದಾಗ ತೇವ ತಾಕಿದರೆ ಆ ದಿನ ನೀರು ಬೇಡ. ಕುಂಡದ ಸೇವಂತಿಗೆ ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಬೇರು ಕೊಳೆತು ಸಾಯುವುದೇ ಹೆಚ್ಚು. ಕಡಲೆಕಾಯಿ ಹಿಂಡಿಯನ್ನು ನಾಲ್ಕೈದು ದಿನ ನೀರಿನಲ್ಲಿ ನೆನೆಸಿ, ತಿಳಿಯನ್ನು ಹತ್ತು ಪಾಲು ನೀರಿಗೆ ಬೆರೆಸಿ, ಹದಿನೈದು ದಿನಕ್ಕೊಮ್ಮೆ ಕೊಡಬಹುದು. ಮೊಗ್ಗಿನಲ್ಲಿ ಬಣ್ಣ ಕಂಡೊಡನೆ ಗೊಬ್ಬರ ನಿಲ್ಲಿಸಬೇಕು.

ಮೊಗ್ಗಿನ ತೊಟ್ಟಿಗೆ ಮುತ್ತುವ ಕಪ್ಪು ಹೇನುಗಳು ಈ ಗಿಡದ ಸಾಮಾನ್ಯ ಶತ್ರು. ಹೆಚ್ಚದ ಮುಂಚೆ ಒದ್ದೆ ಬಟ್ಟೆಯಿಂದ ಒರೆಸಿದರೂ ಹೋಗುತ್ತವೆ. ಹೆಚ್ಚಿದರೆ ಲೀಟರ್ ನೀರಿಗೆ 3ರಿಂದ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನೊಡನೆ ಕಲಸಿ ಸಂಜೆ ಸಿಂಪಡಿಸಬೇಕು. ಕೆಳಗಿನ ಎಲೆಗಳಲ್ಲಿ ಕಪ್ಪುಕಂದು ಚುಕ್ಕೆಗಳು ಕಂಡು ಮೇಲಕ್ಕೆ ಹಬ್ಬತೊಡಗಿದರೆ ಅದು ಶಿಲೀಂಧ್ರದ ರೋಗ. ಅಂಥ ಎಲೆಗಳನ್ನು ಕಿತ್ತು ದೂರ ಎಸೆದು, ಕುಂಡಗಳ ನಡುವೆ ಗಾಳಿಯಾಡುವಷ್ಟು ಜಾಗ ಬಿಡಬೇಕು. ಇದರ ಎಲೆಯ ರಸ ಕೆಲವರ ಚರ್ಮಕ್ಕೆ ಒಗ್ಗದೆ ತುರಿಕೆ ತರುವುದುಂಟು. ಕೆಲಸ ಮುಗಿದ ಮೇಲೆ ಮಕ್ಕಳು ಕೈ ತೊಳೆಯುವುದು ಒಳ್ಳೆಯದು. ಬೆಕ್ಕು ಸಾಕಿದವರು ಕುಂಡವನ್ನು ಅದರ ಬಾಯಿಗೆ ಎಟುಕದಂತಿಡಬೇಕು.

ನರ್ಸರಿಯಿಂದ ಹೂವು ಸಹಿತ ತಂದ ಗಿಡ್ಡ ಸೇವಂತಿಗೆ ಮರುವರ್ಷ ಉದ್ದಕ್ಕೆ ಬೆಳೆದರೆ ಗಾಬರಿ ಬೇಡ. ಮಾರಾಟದ ಗಿಡಗಳಿಗೆ ಎತ್ತರ ತಡೆಯುವ ರಾಸಾಯನಿಕವನ್ನು ಕೊಡುವ ರೂಢಿಯಿದೆ. ಅದರ ಪ್ರಭಾವ ತೀರಿದ ಮೇಲೆ ಗಿಡ ತನ್ನ ನಿಜವಾದ ಎತ್ತರಕ್ಕೆ ಮರಳುತ್ತದೆ. ಅದೇ ಕಾರಣದಿಂದ ಅಂಥ ಹೂಗಳನ್ನು ಒಣಗಿಸಿ ಚಹಾ, ಕಷಾಯಗಳಿಗೆ ಬಳಸಬಾರದು.

ಊರಿಗೆ ತಕ್ಕ ಆರೈಕೆ

ಈ ಪತ್ರಿಕೆಯನ್ನು ಓದುವ ಮನೆಗಳು ಒಂದೇ ಹವೆಯಲ್ಲಿಲ್ಲ. ಹೊಸೂರು, ತಾಳವಾಡಿಗಳ ಎತ್ತರದ ನೆಲದಲ್ಲಿ ಸೇವಂತಿಗೆಗೆ ಹವೆ ತಾನಾಗಿಯೇ ಒಗ್ಗುತ್ತದೆ. ಕಾಸರಗೋಡಿನಲ್ಲಿಯೂ ಗೋವೆಯಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯೇ ದೊಡ್ಡ ಪರೀಕ್ಷೆ. ಅಲ್ಲಿ ಮಳೆಗಾಲವಿಡೀ ಸಸಿಗಳನ್ನು ಮಾಡಿನ ಅಡಿಯಲ್ಲಿ, ಎರಚಲು ತಾಗದ ಬೆಳಕಿನ ಜಾಗದಲ್ಲಿ ಕಾಪಾಡಿ, ಮಳೆ ಹಿಂದೆಗೆದ ಮೇಲೆ ದೊಡ್ಡ ಕುಂಡಕ್ಕೆ ಬದಲಿಸಿದರೆ ಡಿಸೆಂಬರ್–ಜನವರಿಯಲ್ಲಿ ಹೂವು ಕಾಣಬಹುದು. ಕುಂಡಕ್ಕೆ ಮರಳನ್ನು ಇನ್ನಷ್ಟು ಹೆಚ್ಚು ಬೆರೆಸಬೇಕು.

ನೀಲಗಿರಿಯ ತಂಪು ಈ ಹೂವಿಗೆ ಪ್ರಿಯ. ಬಣ್ಣ ಗಾಢವಾಗುತ್ತದೆ, ಹೂವು ಹೆಚ್ಚು ದಿನ ನಿಲ್ಲುತ್ತದೆ. ಆದರೆ ಡಿಸೆಂಬರ್–ಜನವರಿಯ ಹಿಮ ಬೀಳುವ ರಾತ್ರಿಗಳಲ್ಲಿ ಕುಂಡಗಳನ್ನು ಗೋಡೆಯ ಮಗ್ಗುಲಿಗೆ ಸರಿಸಬೇಕು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಗಳಲ್ಲಿ ಕಾಪಾಡಬೇಕಾದುದು ಬೇಸಿಗೆಯಿಂದ. ಪಾರೆ 40 ಡಿಗ್ರಿ ದಾಟುವ ಏಪ್ರಿಲ್–ಮೇಯಲ್ಲಿ ತಾಯಿಗಿಡವನ್ನು ಬೆಳಗಿನ ಬಿಸಿಲಷ್ಟೇ ಬೀಳುವ ಮೂಡಣ ಗೋಡೆಯ ಬದಿಗಿಡಬೇಕು. ಅಲ್ಲಿನ ಎರೆಮಣ್ಣು ನೀರನ್ನು ಹಿಡಿದಿಟ್ಟು ಬೇರನ್ನು ಉಸಿರುಗಟ್ಟಿಸುವುದರಿಂದ ಅದನ್ನೊಂದನ್ನೇ ಕುಂಡಕ್ಕೆ ತುಂಬಬಾರದು. ಆದವಾನಿ, ರಾಯದುರ್ಗ, ಮಡಕಶಿರಾ ಕಡೆಯ ಒಣಗಾಳಿಗೆ ಕುಂಡದ ಮಣ್ಣು ಬೇಗ ಆರುತ್ತದೆ; ಮೇಲೆ ಒಣ ಎಲೆಯನ್ನೋ ಕಡಲೆಕಾಯಿ ಸಿಪ್ಪೆಯನ್ನೋ ಹರಡಿದರೆ ತೇವ ನಿಲ್ಲುತ್ತದೆ.

ಶಾಲೆಗೆ ಒಂದು ಪ್ರಯೋಗ

ಕತ್ತಲೆಯ ಲೆಕ್ಕವನ್ನು ಮಕ್ಕಳು ತಾವೇ ಪರೀಕ್ಷಿಸಬಹುದು. ಒಂದೇ ತಾಯಿಗಿಡದಿಂದ ತೆಗೆದ ಎರಡು ಸಸಿಗಳನ್ನು ಒಂದೇ ಅಳತೆಯ ಕುಂಡಗಳಲ್ಲಿ, ಒಂದೇ ಮಣ್ಣಿನಲ್ಲಿ ಬೆಳೆಸಬೇಕು. ಹಗಲು ಎರಡಕ್ಕೂ ಸಮನಾದ ಬಿಸಿಲು. ಸೆಪ್ಟೆಂಬರ್‌ನಿಂದ ಒಂದನ್ನು ರಾತ್ರಿಯಿಡೀ ದೀಪ ಉರಿಯುವ ಜಗುಲಿಯಲ್ಲಿ, ಇನ್ನೊಂದನ್ನು ಬೆಳಕು ಬೀಳದ ಮೂಲೆಯಲ್ಲಿ ಇಡಬೇಕು. ವಾರಕ್ಕೊಮ್ಮೆ ಎತ್ತರ, ಕವಲುಗಳ ಸಂಖ್ಯೆ, ಮೊದಲ ಮೊಗ್ಗು ಕಂಡ ದಿನಾಂಕ ಇವನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಎರಡು ಗಿಡಗಳೂ ಒಂದೇ ತಾಯಿಯ ತುಂಡುಗಳಾದ್ದರಿಂದ ತಳಿಯ ವ್ಯತ್ಯಾಸವೆಂಬ ಸಂಶಯಕ್ಕೆ ಎಡೆಯಿಲ್ಲ. ಇಂಥ ಪ್ರಯೋಗಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ.

ಈ ನೋಟ್‌ಬುಕ್ಕಿನಲ್ಲಿ ಮತ್ತೊಂದು ಲಾಭವೂ ಇದೆ. ಕುಡಿ, ಗೆಣ್ಣು, ಕವಲು, ಕಂದು, ತೊಟ್ಟು, ಎಸಳು ಇವೆಲ್ಲ ಮಗುವಿಗೆ ಮನೆಯಲ್ಲಿಯೇ ದೊರೆಯುವ ಪದಗಳು. ಓದು ಬರಹ ಅರಿಯದ ಅಜ್ಜಿಯೂ ಈ ಪಾಠದಲ್ಲಿ ಮಗುವಿನ ಜೊತೆ ಕೂರಬಲ್ಲರು, ತಪ್ಪಿದಲ್ಲಿ ತಿದ್ದಬಲ್ಲರು. ತಾಯ್ನುಡಿಯ ಶಾಲೆಗೆ ಮಗುವನ್ನು ಕಳಿಸುವುದರಿಂದ ಏನು ದಕ್ಕುತ್ತದೆ ಎಂದು ಗಡಿಭಾಗದ ತಂದೆತಾಯಿಗಳನ್ನು ಬಂಧುಗಳು ಆಗಾಗ ಕೇಳುವುದುಂಟು. ಪಂಪ್‌ಸೆಟ್ ಮನೆಯ ದೀಪದ ನೆನಪು ತರಗತಿಯ ಪಾಠದೊಡನೆ ಕೂಡಿಕೊಂಡ ಆ ಸಂಜೆ ಅದಕ್ಕೊಂದು ಉತ್ತರ.

ಕಂದುಗಳ ಹಂಚಿಕೆ

ಸೇವಂತಿಗೆಯನ್ನು ಬೀಜದಿಂದ ಬೆಳೆಸಿದರೆ ತಾಯಿಯಂಥ ಗಿಡ ಬರುವುದಿಲ್ಲ. ಬಹುಕಾಲದ ಬೆರಕೆಯಿಂದ ಹುಟ್ಟಿದ ಈ ಗಿಡದಲ್ಲಿ ವರ್ಣತಂತುಗಳ ಗಣಗಳು ಸಾಮಾನ್ಯವಾಗಿ ಆರು, ಒಟ್ಟು 54; ಪ್ರತಿ ಬೀಜದಲ್ಲಿಯೂ ಅವು ಬೇರೆ ಬೇರೆಯಾಗಿ ಕಲೆಯುತ್ತವೆ. ಆದ್ದರಿಂದ ಒಂದು ನಾಟಿ ತಳಿ ಉಳಿಯುವುದು ಕಂದಿನಿಂದ ಇಲ್ಲವೆ ಕುಡಿಯಿಂದ ಮಾತ್ರ. ಕೊನೆಯ ಗಿಡ ಒಣಗಿದರೆ ಆ ತಳಿ ಮುಗಿದಂತೆಯೇ. ಒಂದೇ ಕುಂಡವನ್ನು ನೆಚ್ಚಿಕೊಂಡಿರುವುದು ಅಪಾಯ ಎಂಬುದನ್ನು ಹೂವಿಲ್ಲದ ಆ ನವರಾತ್ರಿ ಅಜ್ಜಿಗೆ ಮನವರಿಕೆ ಮಾಡಿಕೊಟ್ಟಿತು.

ಆಯುಧಪೂಜೆಯ ದಿನವೇ ಕುಂಡವನ್ನು ನೀರಿನ ತೊಟ್ಟಿಯ ಹಿಂದಕ್ಕೆ, ಬೀದಿಯ ದೀಪ ತಲುಪದ ಆದರೆ ಹಗಲು ಬಿಸಿಲು ಬೀಳುವ ಬದಿಗೆ ಸರಿಸಲಾಯಿತು. ಮೊದಲ ಕೆಲವು ವಾರ ಏನೂ ಬದಲಾಗಲಿಲ್ಲ. ನವೆಂಬರಿನಲ್ಲಿ ಕುಡಿಗಳ ತುದಿ ಗುಂಡಾಗತೊಡಗಿತು. ಮೆಣಸಿನ ಕಾಳಿನಷ್ಟಿದ್ದ ಮೊಗ್ಗುಗಳು ಕಡಲೆಯಷ್ಟಾದವು. ಡಿಸೆಂಬರ್ ಮುಗಿಯುವ ಹೊತ್ತಿಗೆ ಹಳದಿ ಒಡೆಯಿತು. ಹಬ್ಬ ಕಳೆದುಹೋಗಿತ್ತು, ಪೇಟೆಯಲ್ಲಿ ಹೂವಿನ ಬೆಲೆಯೂ ಇಳಿದಿತ್ತು. ಸಂಕ್ರಾಂತಿಯ ದಿನ ಅಜ್ಜಿ ಅದೇ ಗಿಡದ ಹೂವನ್ನು ಕಟ್ಟಿ ಬಾಗಿಲಿಗೆ ಹಾಕಿದರು.

ಹೂವು ಮುಗಿದ ಮೇಲೆ ಕಾಂಡಗಳನ್ನು ಬುಡದಿಂದ ಅರ್ಧ ಗೇಣು ಬಿಟ್ಟು ಕತ್ತರಿಸಬೇಕು, ನೀರು ಕಡಿಮೆ ಮಾಡಬೇಕು, ಬೇಸಿಗೆಯಲ್ಲಿ ಅರೆನೆರಳಿನಲ್ಲಿಡಬೇಕು. ಕೆಲವೇ ವಾರಗಳಲ್ಲಿ ಮಣ್ಣು ಸೀಳಿಕೊಂಡು ಕಂದುಗಳು ಏಳುತ್ತವೆ. ಆ ಮನೆಯ ಕುಂಡದಲ್ಲಿ ಆರು ಎದ್ದವು. ಎರಡನ್ನು ಮನೆಯಲ್ಲಿ ಉಳಿಸಿಕೊಂಡು, ಒಂದನ್ನು ಪಕ್ಕದ ತಮಿಳು ಮನೆಯ ಗೆಳತಿಗೆ, ಒಂದನ್ನು ಹಳ್ಳಿಯಲ್ಲಿ ಇನ್ನೂ ಹೊಲವಿರುವ ನೆಂಟರಿಗೆ ಕೊಟ್ಟಾಯಿತು. ಉಳಿದ ಎರಡು ಮೊಮ್ಮಗಳ ಚೀಲದಲ್ಲಿ, ಒದ್ದೆ ಬಟ್ಟೆ ಸುತ್ತಿಕೊಂಡು ಶಾಲೆಗೆ ಹೋದವು. ಅಲ್ಲಿ ಅವುಗಳ ಕುಂಡಕ್ಕೆ ಹೂವಿನ ಹೆಸರು ಮತ್ತು ನೆಟ್ಟ ದಿನಾಂಕ ಬರೆದ ಚೀಟಿಯನ್ನು ಮಕ್ಕಳು ಅಂಟಿಸಿದ್ದಾರೆ. ಗಿಡ ಕಳಿಸುವಾಗ ಅಜ್ಜಿ ಹೇಳಿ ಕಳಿಸಿದ್ದು ಒಂದೇ ಮಾತು: “ದೀಪದ ಕೆಳಗೆ ಮಾತ್ರ ಇಡಬೇಡಿ ಅಂತ ಹೇಳು ಮಗಳೇ.”